ಲಿಸ್ಬನ್ ನಗರದ ಸ್ಮಾರಕಗಳಲ್ಲಿ ಧರ್ಮಸಭೆಯ ನೆನಪು

ಪೋರ್ಚುಗಲ್ಲಿನ ರಾಜಧಾನಿಯಾದ ಲಿಸ್ಬನ್ನನ್ನು ನೋಡಹೋಗುವವರು ಸಾಮಾನ್ಯವಾಗಿ ಬೆಲೆಮ್‌ನಿಂದ ಆರಂಭಿಸುತ್ತಾರೆ. ಬೆಲೆಮ್ ಎಂದರೆ ಬೆತ್ಲೆಹೇಮ್. ತೇಜು ನದಿ ಸಮುದ್ರವನ್ನು ಸೇರುವ ಮುನ್ನ ಅಗಲವಾಗಿ ಹರಡಿಕೊಳ್ಳುವ ಆ ದಂಡೆಯಿಂದ 1497ರ ಜುಲೈ 8ರಂದು ವಾಸ್ಕೋ ಡ ಗಾಮನ ನೌಕೆಗಳು ಹೊರಟವು. 1541ರ ಏಪ್ರಿಲ್ 7ರಂದು, ತಮ್ಮ ಮೂವತ್ತೈದನೆಯ ಹುಟ್ಟುಹಬ್ಬದ ದಿನ, ಸಂತ ಫ್ರಾನ್ಸಿಸ್ ಜೇವಿಯರರು ಇದೇ ನದಿಯಲ್ಲಿ ಹಡಗು ಹತ್ತಿದರು. ರೋಮಿನಲ್ಲಿ ಲೈಸೆನ್ಶಿಯೇಟ್ ವ್ಯಾಸಂಗವನ್ನು ಮುಗಿಸಿ ಊರಿಗೆ ಮರಳುವ ಮುನ್ನ ನಾವು ಮೂವರು ಗುರುಗಳು ಈ ನಗರದಲ್ಲಿ ಐದು ದಿನಗಳನ್ನು ಕಳೆದೆವು. ಯಾತ್ರಿಕರಾಗಿ ಹೋದೆವೋ ಪ್ರವಾಸಿಗರಾಗಿ ಹೋದೆವೋ ಎಂಬುದನ್ನು ಆಗ ಯೋಚಿಸಿರಲಿಲ್ಲ. ಫಾತಿಮಾಕ್ಕೆ ಹೋಗುವ ದಾರಿಯಲ್ಲಿ ಲಿಸ್ಬನ್ ಸಿಕ್ಕಿತು ಎಂದು ಹೇಳುವುದೇ ಹೆಚ್ಚು ಪ್ರಾಮಾಣಿಕವಾದೀತು.

ಆದರೆ ಕರಾವಳಿಯಿಂದ ಬಂದ ಗುರುಗಳಿಗೆ ಲಿಸ್ಬನ್ ಪರಊರಲ್ಲ. ನಮ್ಮ ಧರ್ಮಕೇಂದ್ರಗಳ ದೀಕ್ಷಾಸ್ನಾನದ ದಾಖಲೆ ಪುಸ್ತಕಗಳನ್ನು ತೆರೆದರೆ ಪಿಂಟೊ, ಲೋಬೊ, ಡಿಸೋಜ, ಮಸ್ಕರೇನಸ್ ಎಂಬ ಹೆಸರುಗಳು ಪುಟಪುಟಕ್ಕೂ ಬರುತ್ತವೆ. ಆ ಹೆಸರುಗಳನ್ನು ಅಂಗಡಿಗಳ ಬೋರ್ಡುಗಳ ಮೇಲೆ, ಬೀದಿಗಳ ಮೂಲೆಗಳಲ್ಲಿ ಓದುತ್ತ ನಡೆಯುವಾಗ ಯಾರದೋ ಮನೆಯಲ್ಲಿ ನಮ್ಮ ಮನೆಯ ಪಾತ್ರೆಯನ್ನು ಕಂಡಂತಾಗುತ್ತದೆ. ಗುರುಮಠದ ಪಠ್ಯಗಳಲ್ಲಿ 'ಪದ್ರೊಆದೊ' ಎಂಬ ಶೀರ್ಷಿಕೆಯ ಕೆಳಗೆ ಕೆಲವೇ ಪುಟಗಳಲ್ಲಿ ಮುಗಿದುಹೋಗುವ ಇತಿಹಾಸಕ್ಕೆ ಈ ನಗರದಲ್ಲಿ ಕಲ್ಲು, ಚಿನ್ನ, ಬೂದಿಗಳ ಮೈ ಇದೆ. ಅದನ್ನು ನೋಡಿದ ಮೇಲೆ ಆ ಪುಟಗಳನ್ನು ಮೊದಲಿನಂತೆ ಪಾಠ ಮಾಡಲು ನಮ್ಮಿಂದ ಆಗಲಿಲ್ಲ. ಈ ಬರಹಕ್ಕೆ ಅದೇ ಕಾರಣ.

ಮೆಣಸಿನ ಮಠ

ಬೆಲೆಮ್‌ನ ಜೆರೋನಿಮೊಸ್ ಮಠವನ್ನು ದೊರೆ ಒಂದನೆಯ ಮನುಯೆಲ್ 16ನೆಯ ಶತಮಾನದ ಆರಂಭದಲ್ಲಿ ಕಟ್ಟಿಸತೊಡಗಿದನು. ನಾವಿಕರು ಪ್ರಯಾಣಕ್ಕೆ ಮುನ್ನ ಪ್ರಾರ್ಥಿಸುತ್ತಿದ್ದ ಒಂದು ಚಿಕ್ಕ ದೇವಾಲಯ ಅಲ್ಲಿತ್ತು; ಗಾಮನೂ ಅವನ ಸಂಗಡಿಗರೂ ಹೊರಡುವ ಹಿಂದಿನ ರಾತ್ರಿಯನ್ನು ಅಲ್ಲಿಯೇ ಪ್ರಾರ್ಥನೆಯಲ್ಲಿ ಕಳೆದರೆಂದು ಹೇಳುತ್ತಾರೆ. ಹೊಸ ಮಠವನ್ನು ಸಂತ ಜೆರೋಮರ ಹೆಸರಿನ ಸಭೆಯ ಸನ್ಯಾಸಿಗಳಿಗೆ ಒಪ್ಪಿಸಲಾಯಿತು. ದೊರೆಯ ಆತ್ಮಕ್ಕಾಗಿ ಪ್ರಾರ್ಥಿಸುವುದು, ಕಡಲಿಗೆ ಹೋಗುವವರ ಪಾಪನಿವೇದನೆಯನ್ನು ಕೇಳುವುದು ಅವರ ಕರ್ತವ್ಯವಾಗಿತ್ತು. ಕಟ್ಟಡದ ಖರ್ಚು ಬಂದದ್ದು ಆಫ್ರಿಕ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲೆ ಹಾಕಿದ ಶೇಕಡ 5ರ ತೆರಿಗೆಯಿಂದ. ಅದಕ್ಕೆ ಜನರಿಟ್ಟ ಹೆಸರು 'ಮೆಣಸಿನ ಇಪ್ಪತ್ತನೆಯ ಪಾಲು'. ಸಂಭಾರಗಳ ಹಣದಿಂದ ಎದ್ದ ಆ ಕಂಬಗಳು ತಾಳೆಮರಗಳಂತೆ ಮೇಲೇರಿ ಕವಲೊಡೆಯುತ್ತವೆ. ಕಲ್ಲಿನಲ್ಲಿ ಹಗ್ಗ, ಹವಳ, ಕಡಲ ಜೀವಿಗಳು ಸುತ್ತಿಕೊಂಡಿವೆ. ಅದು ಸುಂದರವಾಗಿದೆ ಎಂಬುದನ್ನು ಮುಚ್ಚಿಡುವುದು ಸುಳ್ಳಾಗುತ್ತದೆ. ಬಲಿಪೀಠದ ಅಕ್ಕಪಕ್ಕದಲ್ಲಿ ದೊರೆಗಳ ಸಮಾಧಿಗಳಿವೆ, ಅವುಗಳನ್ನು ಹೊತ್ತಿರುವುದು ಅಮೃತಶಿಲೆಯ ಆನೆಗಳು. ನಮ್ಮ ದೇಶದ ಪ್ರಾಣಿ ಪರದೇಶದ ದೊರೆಯ ಶವಪೆಟ್ಟಿಗೆಯ ಕೆಳಗೆ ನಿಂತಿರುವುದನ್ನು ನೋಡಿ ನಮ್ಮಲ್ಲೊಬ್ಬರು, "ಪಾಪ, ನಾಲ್ಕುನೂರು ವರ್ಷದಿಂದ ಇಳಿಸಿಲ್ಲವಲ್ಲ" ಎಂದರು.

ದೇವಾಲಯದ ಬಾಗಿಲ ಬಳಿಯಲ್ಲೇ ಗಾಮನ ಸಮಾಧಿ. ಅವನು ಸತ್ತದ್ದು 1524ರ ಡಿಸೆಂಬರ್ 24ರಂದು ಕೊಚ್ಚಿಯಲ್ಲಿ. ಅಲ್ಲಿನ ಸಂತ ಫ್ರಾನ್ಸಿಸರ ದೇವಾಲಯದಲ್ಲಿ ಅವನನ್ನು ಮೊದಲು ಹೂಳಿದರು. 1539ರಲ್ಲಿ ಅಸ್ಥಿಗಳು ಪೋರ್ಚುಗಲ್ಲಿಗೆ ಬಂದವು. ಬೆಲೆಮ್‌ನ ಈಗಿನ ಸಮಾಧಿ 19ನೆಯ ಶತಮಾನದ್ದು. ಅದರ ಮುಂದೆ ಶಾಲೆಯ ಮಕ್ಕಳ ಗುಂಪೊಂದು ನಿಂತು ಶಿಕ್ಷಕಿಯ ಮಾತನ್ನು ಕೇಳುತ್ತಿತ್ತು. ನಮಗೆ ನೆನಪಾದದ್ದು ಬೇರೆ ಸಂಗತಿ. 1498ರಲ್ಲಿ ಕಲ್ಲಿಕೋಟೆಯಿಂದ ಹಿಂದಿರುಗುವಾಗ ಗಾಮನು ಕಾರವಾರದೆದುರಿನ ಅಂಜದೀವ ದ್ವೀಪದಲ್ಲಿ ಹಡಗುಗಳನ್ನು ರಿಪೇರಿಗೆ ನಿಲ್ಲಿಸಿದನು. ಅಲ್ಲಿಗೆ ಗೋವೆಯ ಅರಸನ ಸೇವೆಯಲ್ಲಿದ್ದ, ಯೂರೋಪಿನ ಭಾಷೆ ಬಲ್ಲ ಒಬ್ಬ ಯೆಹೂದ್ಯನು ಬಂದನು. ಅವನನ್ನು ಬೇಹುಗಾರನೆಂದು ಶಂಕಿಸಿ ಚಿತ್ರಹಿಂಸೆ ಕೊಟ್ಟು ಬಾಯಿಬಿಡಿಸಿ ಲಿಸ್ಬನ್ನಿಗೆ ಒಯ್ದರು. ದೀಕ್ಷಾಸ್ನಾನ ಕೊಟ್ಟು ಗಸ್ಪಾರ್ ಡ ಗಾಮ ಎಂದು ತಮ್ಮ ನಾಯಕನ ಮನೆತನದ ಹೆಸರನ್ನೇ ಇಟ್ಟರು. ಇಂದಿನ ಕರ್ನಾಟಕದ ತೀರಕ್ಕೂ ಲಿಸ್ಬನ್ನಿಗೂ ನಡುವಿನ ಮೊದಲ ಸಂಸ್ಕಾರಸಂಬಂಧ ಇದೇ ಇರಬೇಕು. ಅದು ನಡೆದದ್ದು ಹೀಗೆ. ಎರಡನೆಯ ಪ್ರಯಾಣದಲ್ಲಿ, 1502ರಲ್ಲಿ, ಅದೇ ನಾಯಕನು ಹೊನ್ನಾವರ, ಭಟ್ಕಳಗಳ ಮೇಲೆ ಎರಗಿದನು. ಭಟ್ಕಳವು ವರ್ಷವರ್ಷ ಅಕ್ಕಿಯ ಕಪ್ಪವನ್ನು ಒಪ್ಪಿಕೊಂಡಿತೆಂದು ಗಸ್ಪಾರ್ ಕೊರೆಯನು ಬರೆದಿದ್ದಾನೆ. ಅನಂತರ ಕಣ್ಣೂರಿನ ಕಡಲಿನಲ್ಲಿ ಮೆಕ್ಕಾದಿಂದ ಮರಳುತ್ತಿದ್ದ ಯಾತ್ರಿಕರ ಹಡಗನ್ನು ಜನರ ಸಮೇತ ಸುಡಲಾಯಿತು. ಪಡೆಯಲ್ಲಿದ್ದ ತೊಮೆ ಲೋಪಿಶನು, ತಾಯಂದಿರು ಕೂಸುಗಳನ್ನು ಎತ್ತಿಹಿಡಿದು ದಯೆ ಬೇಡಿದ್ದನ್ನು ಕಣ್ಣಾರೆ ಕಂಡು ಬರೆದಿಟ್ಟನು.

ಮಠದ ಹೊರಗೆ ಉದ್ದನೆಯ ಸಾಲು. ಅದು ಸಮಾಧಿಗಾಗಿ ಅಲ್ಲ, ಸಿಹಿತಿಂಡಿಗಾಗಿ. ಪೋರ್ಚುಗಲ್ಲಿನಲ್ಲಿ 1834ರಲ್ಲಿ ಪುರುಷರ ಮಠಗಳನ್ನು ಸರಕಾರ ಮುಚ್ಚಿಸಿದಾಗ, ಮೊಟ್ಟೆಯ ಹಳದಿಯಿಂದ ಮಾಡುವ ಈ ತಿಂಡಿಯ ವಿಧಾನ ಮಠದಿಂದ ಹೊರಬಂದು 1837ರಿಂದ ಪಕ್ಕದ ಅಂಗಡಿಯಲ್ಲಿ ಮಾರಾಟಕ್ಕೆ ಬಂತು. ಸನ್ಯಾಸಿಗಳು ಹೋದರು, ತಿಂಡಿ ಉಳಿಯಿತು. ನಾವೂ ಸಾಲಿನಲ್ಲಿ ನಿಂತೆವು, ತಿಂದೆವು, ಚೆನ್ನಾಗಿತ್ತು.

ನದಿದಂಡೆಯಲ್ಲಿರುವ 'ಶೋಧನೆಗಳ ಸ್ಮಾರಕ'ದ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. 1940ರ ಪ್ರದರ್ಶನಕ್ಕೆಂದು ತಾತ್ಕಾಲಿಕವಾಗಿ ಕಟ್ಟಿ, 1960ರಲ್ಲಿ ಶಾಶ್ವತವಾಗಿ ನಿಲ್ಲಿಸಿದ, ಹಡಗಿನ ಮೂತಿಯ ಆಕಾರದ ಆ ಕಟ್ಟಡ ಸಲಜಾರನ ಆಡಳಿತದ ಘೋಷಣೆಯಷ್ಟೇ. ಆದರೆ ನಾವಿಕರು, ದೊರೆಗಳು, ಯೋಧರ ಆ ಮೆರವಣಿಗೆಯಲ್ಲಿ ಜೇವಿಯರರನ್ನೂ ನಿಲ್ಲಿಸಿದ್ದಾರೆ. ಅವರು ಅಲ್ಲಿ ನಿಲ್ಲಲು ಒಪ್ಪುತ್ತಿದ್ದರೇ ಎಂದು ನಾವು ಆ ಸಂಜೆ ವಾದಿಸಿದೆವು. ಒಬ್ಬರು ಒಪ್ಪುತ್ತಿರಲಿಲ್ಲ ಎಂದರು. ಮತ್ತೊಬ್ಬರು 1546ರಲ್ಲಿ ಅಂಬೋನ್ ದ್ವೀಪದಿಂದ ಜೇವಿಯರರೇ ದೊರೆ ಮೂರನೆಯ ಜೊವಾಂವ್‌ಗೆ ಬರೆದು, ಗೋವೆಗೆ ಇನ್‌ಕ್ವಿಸಿಷನ್ ಬೇಕೆಂದು ಕೇಳಿಕೊಂಡದ್ದನ್ನು ನೆನಪಿಸಿದರು. ವಾದ ಅಲ್ಲಿಗೆ ನಿಂತಿತು.

ಕಿಲ್ವಾದ ಚಿನ್ನ

ಎರಡನೆಯ ದಿನ ಪ್ರಾಚೀನ ಕಲೆಯ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಹೋದೆವು. ಅಲ್ಲಿನ ಒಂದು ಗಾಜಿನ ಪೆಟ್ಟಿಗೆಯ ಮುಂದೆ ನಾವು ಎಷ್ಟು ಹೊತ್ತು ನಿಂತೆವೆಂದರೆ ಕಾವಲಿನವನು ಎರಡು ಸಲ ಬಂದು ನೋಡಿಹೋದನು. ಅದರೊಳಗಿರುವುದು 'ಬೆಲೆಮ್‌ನ ಕುಸ್ತೋದಿಯ', ನಾವು ಮಾನ್‌ಸ್ಟ್ರನ್ಸ್ ಎಂದು ಕರೆಯುವ, ಪರಮಪ್ರಸಾದವನ್ನು ಆರಾಧನೆಗೆ ಇಡುವ ಪಾತ್ರೆ. ಎತ್ತರ ಸುಮಾರು 73 ಸೆಂಟಿಮೀಟರ್. ಪೂರ್ತಿ ಚಿನ್ನ, ಅದರ ಮೇಲೆ ಬಣ್ಣದ ಎನಾಮೆಲ್ ಕೆಲಸ. ಪ್ರಸಾದವನ್ನು ಇಡುವ ಸ್ಥಳದ ಸುತ್ತ ಹನ್ನೆರಡು ಪ್ರೇಷಿತರು ಮೊಣಕಾಲೂರಿದ್ದಾರೆ. ಅವರ ಮೇಲೆ ಪವಿತ್ರಾತ್ಮರ ಪಾರಿವಾಳ, ಅದಕ್ಕೂ ಮೇಲೆ ಪಿತದೇವರು. ಕಾಂಡದ ನಡುವೆ ಲೋಕಗೋಲಗಳು. ಅವು ದೊರೆ ಮನುಯೆಲನ ಲಾಂಛನ. ಮಾಡಿದವನು ಗಿಲ್ ವಿಸೆಂತೆ ಎಂಬ ಅಕ್ಕಸಾಲಿಗ. ಪೋರ್ಚುಗೀಸ್ ನಾಟಕದ ಪಿತಾಮಹನೆನಿಸಿದ ಅದೇ ಹೆಸರಿನ ಕವಿಯೂ ಇವನೂ ಒಬ್ಬನೇ ಎಂದು ಹಲವು ವಿದ್ವಾಂಸರ ಅಭಿಪ್ರಾಯ.

ಪಾತ್ರೆಯ ಪಾದದ ಸುತ್ತ ಒಂದು ಬರಹವಿದೆ. ದೊರೆ ಮನುಯೆಲನು ಕಿಲ್ವಾದ ಕಪ್ಪದ ಚಿನ್ನದಿಂದ ಇದನ್ನು ಮಾಡಿಸಿದನೆಂದೂ 1506ರಲ್ಲಿ ಇದು ಮುಗಿಯಿತೆಂದೂ ಅದು ಸಾರುತ್ತದೆ. ಕಿಲ್ವಾ ಇಂದಿನ ಟಾಂಜಾನಿಯಾದ ಕರಾವಳಿಯ ದ್ವೀಪಪಟ್ಟಣ. ಆಫ್ರಿಕದ ಒಳನಾಡಿನ ಚಿನ್ನ ಕಡಲಿಗಿಳಿಯುತ್ತಿದ್ದ ಪ್ರಸಿದ್ಧ ಬಂದರು. 1502ರಲ್ಲಿ ಗಾಮನು ಹಡಗುಗಳನ್ನು ಅದರ ಮುಂದೆ ನಿಲ್ಲಿಸಿ, ಪಟ್ಟಣವನ್ನು ನಾಶಮಾಡುವುದಾಗಿ ಬೆದರಿಸಿ, ಅಲ್ಲಿನ ಅರಸನಿಂದ ವಾರ್ಷಿಕ ಕಪ್ಪವನ್ನು ಪಡೆದನು. ಕಿಲ್ವಾದಿಂದ ಹೊರಟ ಅದೇ ಪಡೆಯೇ ಭಟ್ಕಳಕ್ಕೆ ಬಂದದ್ದು. ಅಕ್ಕಿಯಿಂದ ಪಾತ್ರೆ ಮಾಡಲು ಬರುವುದಿಲ್ಲ; ಇಲ್ಲದಿದ್ದರೆ ಆ ಬರಹದಲ್ಲಿ ನಮ್ಮ ಊರಿನ ಹೆಸರೂ ಇರಬಹುದಿತ್ತು.

ಇಲ್ಲಿ ನಾವು ಎಚ್ಚರದಿಂದ ನಡೆಯಬೇಕು. ಮನುಯೆಲನು ಕಪಟಿಯೆಂದು ಹೇಳಿಬಿಡುವುದು ಸುಲಭ. ಅವನ ಕಾಲದ ದೃಷ್ಟಿಯಲ್ಲಿ ಅದು ಪ್ರಥಮ ಫಲದ ಅರ್ಪಣೆ. ಯುದ್ಧದಲ್ಲಿ ಗೆದ್ದುದರ ಒಂದು ಪಾಲನ್ನು ದೇವರ ಆಲಯಕ್ಕೆ ಮೀಸಲಿಡುವುದಕ್ಕೆ ಹಳೆಯ ಒಡಂಬಡಿಕೆಯಲ್ಲಿ ದೃಷ್ಟಾಂತಗಳಿವೆ. ಬರಹವನ್ನು ಕೆತ್ತಿಸಿದ್ದು ನಾಚಿಕೆಯಿಂದಲ್ಲ, ಕೃತಜ್ಞತೆಯಿಂದ. ನಮ್ಮನ್ನು ಕಾಡಿದ್ದೂ ಅದೇ. ಚಿನ್ನದ ಮೂಲವನ್ನು ಯಾರೂ ಮುಚ್ಚಿಡಲಿಲ್ಲ. ಮುಚ್ಚಿಡಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಹೆದರಿಸಿ ತಂದ ಲೋಹವನ್ನು ತನ್ನನ್ನೇ ಮುರಿದು ಕೊಟ್ಟವರ ಸುತ್ತ ನಿಲ್ಲಿಸುವಾಗ, ಎರಡರ ನಡುವಿನ ವಿರೋಧ ಒಬ್ಬ ದೈವಶಾಸ್ತ್ರಿಯ ಕಣ್ಣಿಗಾದರೂ ಬೀಳಬೇಕಿತ್ತು. ಆಸ್ಥಾನದಲ್ಲಿ ದೈವಶಾಸ್ತ್ರಿಗಳ ಕೊರತೆ ಇರಲಿಲ್ಲ.

ಅದೇ ದೇಶದಲ್ಲಿ ಅದೇ ಕಾಲದ ಬೇರೊಂದು ಮುಖವನ್ನೂ ಹೇಳದಿದ್ದರೆ ನ್ಯಾಯವಾಗದು. ಗಾಮನು ಕಲ್ಲಿಕೋಟೆಯಲ್ಲಿದ್ದ 1498ರ ಆಗಸ್ಟ್ ತಿಂಗಳಿನಲ್ಲಿಯೇ ಮನುಯೆಲನ ಅಕ್ಕ, ವಿಧವೆ ರಾಣಿ ಲಿಯೊನೋರ್, ಲಿಸ್ಬನ್ನಿನಲ್ಲಿ 'ಮಿಸೆರಿಕೋರ್ದಿಯ' ಎಂಬ ಕರುಣಾ ಸಂಘವನ್ನು ಸ್ಥಾಪಿಸಿದಳು. ಹಸಿದವರಿಗೆ ಉಣಿಸುವುದು, ಸೆರೆಯಾಳುಗಳನ್ನು ಕಾಣುವುದು, ಗಲ್ಲಿಗೆ ಹೋಗುವವರ ಜೊತೆ ನಡೆಯುವುದು, ಅವರ ಮೂಳೆಗಳನ್ನು ಆಯ್ದು ಹೂಳುವುದು ಅದರ ಸದಸ್ಯರ ವ್ರತವಾಗಿತ್ತು. ಆ ಸಂಘ ಇಂದಿಗೂ ಇದೆ. 1509ರಲ್ಲಿ ಅವಳೇ ಸ್ಥಾಪಿಸಿದ ಮಾದ್ರೆ ದೆ ದೇವುಶ್ ಕನ್ಯಾಮಠ ಈಗ ಹೆಂಚುಚಿತ್ರಗಳ ರಾಷ್ಟ್ರೀಯ ವಸ್ತುಸಂಗ್ರಹಾಲಯವಾಗಿದೆ. 1700ರ ಸುಮಾರಿಗೆ ಬರೆದ, 23 ಮೀಟರ್ ಉದ್ದದ ನೀಲಿ ಹೆಂಚಿನ ಚಿತ್ರದಲ್ಲಿ ಭೂಕಂಪಕ್ಕೆ ಮುಂಚಿನ ಇಡೀ ನಗರವನ್ನು ಅಲ್ಲಿ ನೋಡಬಹುದು. ಅಕ್ಕತಮ್ಮಂದಿರ ಒಂದೇ ಮನೆಯಲ್ಲಿ, ಒಂದೇ ಬಲಿಪೀಠದ ಸುತ್ತ, ಕಪ್ಪವೂ ಕರುಣೆಯೂ ಬೆಳೆದವು. ಬೆಳೆಗೆ ಬೆರೆತ ಕಳೆಯ ಸಾಮತಿಯನ್ನು ಇತಿಹಾಸದ ಪಾಠದಲ್ಲಿ ಹೇಳುವುದು ರೂಢಿ. ಆದರೆ ಇಲ್ಲಿ ಎರಡು ಬಗೆಯ ಜನರಿರಲಿಲ್ಲ. ಒಂದೇ ಜನರ ಎರಡು ಕೈಗಳಿದ್ದವು.

ಸಂತ ದೊಮಿನಿಕರ ದೇವಾಲಯ

ಪಾತ್ರೆ ಮುಗಿದ 1506ರಲ್ಲಿಯೇ ಮತ್ತೊಂದು ಘಟನೆ ನಡೆಯಿತು. ವಸ್ತುಸಂಗ್ರಹಾಲಯದಿಂದ ಟ್ರಾಮಿನಲ್ಲಿ ಸ್ವಲ್ಪವೇ ದೂರದ ರೋಸಿಯು ಚೌಕದ ಪಕ್ಕದಲ್ಲಿ ಸಂತ ದೊಮಿನಿಕರ ದೇವಾಲಯವಿದೆ. ಒಳಗೆ ಕಾಲಿಟ್ಟವರು ಒಂದು ಕ್ಷಣ ತಡೆದು ನಿಲ್ಲುತ್ತಾರೆ. ಕಂಬಗಳು ಸೀಳಿವೆ, ಕಲ್ಲುಗಳ ಅಂಚುಗಳು ಕರಗಿದಂತೆ ಮೊಂಡಾಗಿವೆ, ಗೋಡೆಗಳಲ್ಲಿ ಬೆಂಕಿಯ ಕಲೆ. 1959ರ ಆಗಸ್ಟಿನಲ್ಲಿ ಹೊತ್ತಿಕೊಂಡ ಬೆಂಕಿಯಲ್ಲಿ ಒಳಭಾಗವೆಲ್ಲ ಉರಿದುಹೋಗಿ ಇಬ್ಬರು ಅಗ್ನಿಶಾಮಕರು ಸತ್ತರು. 1994ರಲ್ಲಿ ದೇವಾಲಯವನ್ನು ಮತ್ತೆ ತೆರೆದಾಗ ಚಾವಣಿಯನ್ನು ಮಾತ್ರ ಹೊಸದಾಗಿ ಮಾಡಿ, ಸುಟ್ಟ ಕಲ್ಲನ್ನು ಹಾಗೆಯೇ ಬಿಟ್ಟರು. ನಮ್ಮಲ್ಲಿ ಹಳೆಯ ದೇವಾಲಯಗಳಿಗೆ ಪ್ರತಿ ಹಬ್ಬಕ್ಕೂ ಬಣ್ಣ ಬಳಿದು, ಹೆಂಚು ತೆಗೆದು, ಟೈಲ್ಸ್ ಹಾಕಿ ಹೊಸದು ಮಾಡುವ ಉತ್ಸಾಹವನ್ನು ಬಲ್ಲ ನಮಗೆ ಇದು ವಿಚಿತ್ರವಾಗಿ ಕಂಡಿತು.

1497ರಲ್ಲಿ ಮನುಯೆಲನು ತನ್ನ ರಾಜ್ಯದ ಯೆಹೂದ್ಯರಿಗೆಲ್ಲ ಬಲವಂತದ ದೀಕ್ಷಾಸ್ನಾನ ಕೊಡಿಸಿದ್ದನು. ಹಾಗೆ ಕ್ರೈಸ್ತರಾದವರನ್ನು 'ಹೊಸ ಕ್ರೈಸ್ತರು' ಎಂದು ಕರೆಯುತ್ತಿದ್ದರು. ಆ ಹೆಸರೇ ಅವರಿಗೆ ಗುರುತೂ ಆಯಿತು, ಗುರಿಯೂ ಆಯಿತು. ಒಂಬತ್ತು ವರ್ಷಗಳ ಬಳಿಕ ನಗರದಲ್ಲಿ ಪ್ಲೇಗು, ಬರ. ಪಾಸ್ಖ ಹಬ್ಬದ ನಂತರದ ಭಾನುವಾರ, ಏಪ್ರಿಲ್ 19ರಂದು, ಜನರು ಈ ದೇವಾಲಯದಲ್ಲಿ ಕೂಡಿ ಮೊರೆಯಿಡುತ್ತಿದ್ದಾಗ ಶಿಲುಬೆಯ ಮೇಲೆ ಅದ್ಭುತವಾದ ಬೆಳಕು ಕಂಡಿತೆಂದು ಯಾರೋ ಕೂಗಿದರು. ಅದು ಮೇಣದಬತ್ತಿಯ ಪ್ರತಿಬಿಂಬವಷ್ಟೇ ಎಂದು ಒಬ್ಬ ಹೊಸ ಕ್ರೈಸ್ತನು ಹೇಳಿದನು. ಅವನನ್ನು ಹೊರಗೆಳೆದು ಕೊಂದು ಚೌಕದಲ್ಲಿ ಸುಟ್ಟರು. ದೊಮಿನಿಕನ್ ಸಭೆಯ ಇಬ್ಬರು ಗುರುಗಳು ಶಿಲುಬೆಯನ್ನು ಎತ್ತಿ ಹಿಡಿದು ಬೀದಿಗಿಳಿದರು. ಬಂದರಿನಲ್ಲಿದ್ದ ಪರದೇಶದ ಹಡಗುಗಳ ನಾವಿಕರೂ ಸೇರಿಕೊಂಡರು. ಮೂರು ದಿನಗಳಲ್ಲಿ ಸತ್ತವರು ಎರಡು ಸಾವಿರದಿಂದ ನಾಲ್ಕು ಸಾವಿರವೆಂದು ಅಂದಾಜು; ಚರಿತ್ರಕಾರ ದಮಿಯಾಂವ್ ದೆ ಗೋಯಿಶ್ ಸಾವಿರದ ಒಂಬೈನೂರಕ್ಕೂ ಹೆಚ್ಚೆಂದು ಲೆಕ್ಕ ಕೊಡುತ್ತಾನೆ. ಪ್ಲೇಗಿಗೆ ಹೆದರಿ ನಗರದಿಂದ ಹೊರಗಿದ್ದ ದೊರೆ ಸುದ್ದಿ ತಿಳಿದು ಕಠಿಣ ಶಿಕ್ಷೆ ವಿಧಿಸಿದನು. ಆ ಇಬ್ಬರು ಗುರುಗಳಿಗೂ ಮರಣದಂಡನೆಯಾಯಿತು. ಇದನ್ನು ಬರೆದಿಟ್ಟ ಗೋಯಿಶನನ್ನು 1571ರಲ್ಲಿ ಇನ್‌ಕ್ವಿಸಿಷನ್ ಬಂಧಿಸಿದ್ದು ಬೇರೆ ಕಥೆ.

ಪಾಸ್ಖದ ಅಷ್ಟಮದಿನವಾದ ಆ ಭಾನುವಾರವನ್ನು ಇಂದು ನಾವು ದೈವಿಕ ಕರುಣೆಯ ಭಾನುವಾರವೆಂದು ಆಚರಿಸುತ್ತೇವೆ. ಅಂದು ನಾವು ಓದುವ ಶುಭಸಂದೇಶ ತೋಮನ ಸಂದೇಹದ್ದು. ಕಣ್ಣಾರೆ ಕಾಣದೆ ನಂಬೆನೆಂದವನಿಗೆ ಪುನರುತ್ಥಾನ ಹೊಂದಿದ ಯೇಸುಸ್ವಾಮಿ ತಮ್ಮ ಗಾಯಗಳನ್ನು ತೋರಿಸಿದರು. ಲಿಸ್ಬನ್ನಿನಲ್ಲಿ ಸಂದೇಹಪಟ್ಟವನಿಗೆ ಅವರ ಶಿಲುಬೆಯ ಕೆಳಗೆಯೇ ಸಾವು ಬಂತು. ಪ್ರತಿ ವರ್ಷ ಆ ಭಾನುವಾರದ ಪ್ರಬೋಧನೆಯನ್ನು ಸಿದ್ಧಪಡಿಸಲು ಕುಳಿತಾಗ ನಮಗೆ ಈ ಸುಟ್ಟ ಕಂಬಗಳು ನೆನಪಾಗುತ್ತವೆ. ವಿಗ್ರಹದ ಕಣ್ಣಿನಲ್ಲಿ ನೀರು ಬಂತು, ಗೋಡೆಯ ಮೇಲೆ ರೂಪ ಮೂಡಿತು ಎಂಬ ಸುದ್ದಿ ಫೋನಿನಿಂದ ಫೋನಿಗೆ ಹಾರುವ ಕಾಲದಲ್ಲಿ ನಾವಿದ್ದೇವೆ. ಅಂಥ ಹೊತ್ತಿನಲ್ಲಿ, ಅದು ದೀಪದ ಬೆಳಕಿರಬಹುದು ಎಂದು ಹೇಳುವವನನ್ನು ಗುಂಪಿನಿಂದ ಕಾಯುವುದು ಯಾರ ಕೆಲಸ? 1506ರಲ್ಲಿ ಅದು ಬಲಿಪೀಠದ ಬಳಿಯಿದ್ದ ಗುರುಗಳ ಕೆಲಸವಾಗಿತ್ತು.

ದೇವಾಲಯದ ಎದುರಿನ ಅಂಗಳದಲ್ಲಿ 2008ರಲ್ಲಿ ಹತ್ಯಾಕಾಂಡದ ಸ್ಮಾರಕವನ್ನು ಇಟ್ಟರು. ಅದರಲ್ಲಿ ದಾವೀದನ ನಕ್ಷತ್ರವಿದೆ. 2000ದಲ್ಲಿ ಲಿಸ್ಬನ್ನಿನ ಪಿತೃಪೀಠಾಧಿಪತಿ ಜೋಸೆ ಪೊಲಿಕಾರ್ಪೊ ಯೆಹೂದ್ಯರಿಂದ ಕ್ಷಮೆ ಬೇಡಿದ್ದರು. ಅದೇ ವರ್ಷದ ಮಾರ್ಚ್ 12ರಂದು ರೋಮಿನಲ್ಲಿ ಪೋಪ್ ಎರಡನೆಯ ಜಾನ್ ಪಾಲರು ಧರ್ಮಸಭೆಯ ಮಕ್ಕಳ ಪಾಪಗಳಿಗಾಗಿ ದೇವರಲ್ಲಿ ಕ್ಷಮೆ ಯಾಚಿಸಿದ್ದರು. ಅದಕ್ಕೆ ಮುನ್ನ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗ ಹೊರಡಿಸಿದ 'ಸ್ಮರಣೆ ಮತ್ತು ಸಂಧಾನ' ಎಂಬ ದಾಖಲೆಯನ್ನು ನಾವು ರೋಮಿನಲ್ಲಿ ಪರೀಕ್ಷೆಗೆಂದು ಓದಿದ್ದೆವು. ಕ್ಷಮೆ ಕೇಳುವುದಕ್ಕೆ ಮೊದಲು ನಡೆದದ್ದೇನೆಂಬ ಚಾರಿತ್ರಿಕ ನಿರ್ಣಯ ಆಗಬೇಕು, ಗತಕಾಲದವರನ್ನು ಇಂದಿನ ಅಳತೆಗೋಲಿನಿಂದ ಅವಸರದಲ್ಲಿ ಅಳೆಯಬಾರದು ಎಂಬ ಅದರ ಎಚ್ಚರಿಕೆ ಸರಿಯಾದುದೇ. ಆದರೂ ಈ ಅಂಗಳದಲ್ಲಿ ನಿಂತಾಗ, ಪಾಪ ಮಾಡಿದ್ದು 'ಮಕ್ಕಳು', 'ಧರ್ಮಸಭೆ'ಯಲ್ಲ ಎಂಬ ಆ ಸೂಕ್ಷ್ಮ ಭೇದವನ್ನು ಸತ್ತವರ ಸಂತತಿಗೆ ಹೇಗೆ ವಿವರಿಸುವುದೆಂದು ನಮಗೆ ತೋಚಲಿಲ್ಲ. ಶಿಲುಬೆ ಹಿಡಿದು ಬೀದಿಗಿಳಿದವರು ಅಭಿಷಿಕ್ತರಾಗಿದ್ದರು. ಇಂದು ಅದೇ ಅಂಗಳದಲ್ಲಿ ಸಂಜೆಯ ಹೊತ್ತು ಆಫ್ರಿಕದಿಂದ ವಲಸೆ ಬಂದವರು ಕೂಡುತ್ತಾರೆ. ಮುಸ್ಲಿಂ ಟೋಪಿ ತೊಟ್ಟ ಹಿರಿಯರು ಸ್ಮಾರಕದ ಪಕ್ಕದಲ್ಲಿ ನಿಂತು ಹರಟುತ್ತಿದ್ದರು.

ರೋಸಿಯು ಚೌಕದ ಉತ್ತರ ದಿಕ್ಕಿನಲ್ಲಿ ರಾಷ್ಟ್ರೀಯ ನಾಟಕಶಾಲೆಯಿದೆ. ಇನ್‌ಕ್ವಿಸಿಷನ್ನಿನ ಅರಮನೆ ಅದೇ ಸ್ಥಳದಲ್ಲಿತ್ತು. ಪೋರ್ಚುಗಲ್ಲಿನಲ್ಲಿ ಈ ನ್ಯಾಯಪೀಠ 1536ರಲ್ಲಿ ಆರಂಭವಾಗಿ 1821ರಲ್ಲಿ ಕೊನೆಗೊಂಡಿತು. ಗೋವೆಯ ಶಾಖೆ 1560ರಿಂದ, ನಡುವೆ ಕೆಲವು ವರ್ಷ ಬಿಟ್ಟು, 1812ರವರೆಗೆ ಇತ್ತು. ಗೋವೆಯ ಕ್ರೈಸ್ತರು ಕೆನರಾಕ್ಕೆ ವಲಸೆ ಬಂದದ್ದಕ್ಕೆ ಬರಗಾಲ, ತೆರಿಗೆ, ಯುದ್ಧ, ಫಲವತ್ತಾದ ಭೂಮಿಯ ಆಸೆ ಎಲ್ಲವೂ ಕಾರಣಗಳೇ. ಈ ನ್ಯಾಯಪೀಠದ ಭಯವೂ ಅವುಗಳಲ್ಲೊಂದು. ನಮ್ಮ ಹಿರಿಯರಲ್ಲಿ ಕೆಲವರಾದರೂ ವಿಶ್ವಾಸವನ್ನು ಎದೆಗವಚಿಕೊಂಡು, ಅದನ್ನು ಕಾಯಲೆಂದೇ ನಿಂತವರಿಂದ ಓಡಿಬಂದರು. ಈ ವೈಪರೀತ್ಯವನ್ನು ನಮ್ಮ ಧರ್ಮಕೇಂದ್ರಗಳ ಶತಮಾನೋತ್ಸವದ ಸ್ಮರಣಸಂಚಿಕೆಗಳಲ್ಲಿ ನಾವು ಎಲ್ಲಿಯೂ ಓದಿಲ್ಲ.

ಚಾವಣಿಯಿಲ್ಲದ ದೇವಾಲಯ

ಗುಡ್ಡದ ಮೇಲಿನ ಕಾರ್ಮೊ ಮಠವನ್ನು 1389ರಲ್ಲಿ ಸ್ಥಾಪಿಸಿದವನು ಸೇನಾಪತಿ ನೂನೊ ಆಲ್ವರೆಶ್ ಪೆರೇರ. ಯುದ್ಧಗಳನ್ನು ಗೆದ್ದ ಬಳಿಕ ಅವನು ಆಸ್ತಿಯನ್ನೆಲ್ಲ ಹಂಚಿ ಅದೇ ಮಠದಲ್ಲಿ ಸಾಮಾನ್ಯ ಸಹೋದರನಾಗಿ ಸೇರಿದನು. 2009ರಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟರು ಅವನನ್ನು ಸಂತನೆಂದು ಘೋಷಿಸಿದರು. ಮಠದ ದೇವಾಲಯಕ್ಕೆ ಈಗ ಚಾವಣಿಯಿಲ್ಲ. ಕಲ್ಲಿನ ಕಮಾನುಗಳು ಬರಿಯ ಆಕಾಶದ ಕೆಳಗೆ ಪಕ್ಕೆಲುಬುಗಳಂತೆ ನಿಂತಿವೆ, ನೆಲದಲ್ಲಿ ಹುಲ್ಲು. 1864ರಿಂದ ಅದು ಪುರಾತತ್ತ್ವ ವಸ್ತುಸಂಗ್ರಹಾಲಯ.

1755ರ ನವೆಂಬರ್ 1, ಸಕಲ ಸಂತರ ಹಬ್ಬ. ಬೆಳಗಿನ ಒಂಬತ್ತೂವರೆ ದಾಟಿತ್ತು, ದೇವಾಲಯಗಳು ತುಂಬಿದ್ದವು, ಬಲಿಪೀಠಗಳ ಮೇಲೆ ಬತ್ತಿಗಳು ಉರಿಯುತ್ತಿದ್ದವು. ಭೂಮಿ ಹಲವು ನಿಮಿಷ ನಡುಗಿತು. ಕಡಲು ಹಿಂದೆ ಸರಿದು ಮೇಲೆದ್ದು ಬಂತು. ಉರುಳಿದ ಬತ್ತಿಗಳಿಂದ ಹಿಡಿದ ಬೆಂಕಿ ದಿನಗಟ್ಟಲೆ ಉರಿಯಿತು. ಸತ್ತವರು ಹತ್ತಾರು ಸಾವಿರ. ಬಲಿಪೂಜೆಗೆ ಹೋದವರು ಸತ್ತರು. ವೇಶ್ಯೆಯರ ಕೇರಿ ಬಹುಮಟ್ಟಿಗೆ ಉಳಿಯಿತು. ವೊಲ್ತೇರನು ಕವಿತೆ ಬರೆದನು, ರೂಸೊ ಅವನಿಗೆ ಉತ್ತರ ಬರೆದನು, ಯುವಕ ಕಾಂಟ್ ಭೂಕಂಪದ ಕಾರಣಗಳ ಮೇಲೆ ಪ್ರಬಂಧಗಳನ್ನು ಬರೆದನು. ದೇವರ ನ್ಯಾಯದ ಪ್ರಶ್ನೆಯನ್ನು ಪಾಠ ಮಾಡುವಾಗ ಈ ಮೂವರ ಹೆಸರು ಹೇಳುವುದು ನಮ್ಮಲ್ಲಿ ವಾಡಿಕೆ. ಆದರೆ ಕಾರ್ಮೊದ ಹುಲ್ಲಿನ ಮೇಲೆ ನಿಂತಾಗ ನಮಗೆ ಮುಖ್ಯರಾಗಿ ಕಂಡವರು ಬೇರೆಯವರು: ಒಬ್ಬ ಪ್ರಬೋಧಕ, ಮತ್ತು ನೂರಾರು ಹಳ್ಳಿಗಳ ಗುರುಗಳು.

ಪ್ರಬೋಧಕನ ಹೆಸರು ಗಾಬ್ರಿಯೆಲ್ ಮಲಗ್ರಿದ. ಇಟಲಿಯಲ್ಲಿ ಹುಟ್ಟಿ, ಬ್ರಜಿಲ್ಲಿನ ಕಾಡುಗಳಲ್ಲಿ ದಶಕಗಳ ಕಾಲ ದುಡಿದ ಯೇಸುಸಭೆಯ ಗುರು. ಜನರು ಅವರನ್ನು ಸಂತರೆಂದೇ ಭಾವಿಸಿದ್ದರು. 1756ರಲ್ಲಿ ಅವರು ಭೂಕಂಪದ ನಿಜವಾದ ಕಾರಣವನ್ನು ಕುರಿತು ಒಂದು ಪುಸ್ತಿಕೆಯನ್ನು ಪ್ರಕಟಿಸಿದರು. ಕಾರಣ ನಿಸರ್ಗವಲ್ಲ, ಲಿಸ್ಬನ್ನಿನ ಪಾಪಗಳು. ಗುಡಿಸಲು ಕಟ್ಟುವುದಕ್ಕಿಂತ ಮೊದಲು ಪಶ್ಚಾತ್ತಾಪದ ಧ್ಯಾನಕೂಟಗಳು ನಡೆಯಬೇಕು ಎಂಬುದು ಅದರ ವಾದ. ನಗರವನ್ನು ಮರುನಿರ್ಮಿಸುತ್ತಿದ್ದ ಮಂತ್ರಿಗೆ, ಮುಂದೆ ಪೊಂಬಾಲಿನ ಮಾರ್ಕ್ವಿಸ್ ಎನಿಸಿದವನಿಗೆ, ಇದು ಸಹನೆಯಾಗಲಿಲ್ಲ. 1759ರಲ್ಲಿ ಯೇಸುಸಭೆಯನ್ನು ದೇಶದಿಂದ ಹೊರಹಾಕಲಾಯಿತು. ಎಪ್ಪತ್ತು ದಾಟಿ, ಸೆರೆಯಲ್ಲಿ ಬುದ್ಧಿ ಕದಡಿದ್ದ ಮಲಗ್ರಿದರನ್ನು ಪೊಂಬಾಲನ ತಮ್ಮನೇ ಮುಖ್ಯಸ್ಥನಾಗಿದ್ದ ಇನ್‌ಕ್ವಿಸಿಷನ್ ಪಾಷಂಡಿಯೆಂದು ತೀರ್ಮಾನಿಸಿತು. 1761ರ ಸೆಪ್ಟೆಂಬರ್ 21ರಂದು ರೋಸಿಯು ಚೌಕದಲ್ಲಿ ಕುತ್ತಿಗೆ ಬಿಗಿದು ಕೊಂದು ದೇಹವನ್ನು ಸುಟ್ಟರು. ಪೊಂಬಾಲನೇ 1773ರಲ್ಲಿ ಹೊಸ ಕ್ರೈಸ್ತ, ಹಳೆ ಕ್ರೈಸ್ತ ಎಂಬ ಭೇದವನ್ನು ಕಾನೂನಿನಿಂದ ಅಳಿಸಿದವನು. ಈ ನಗರದಲ್ಲಿ ಯಾರನ್ನೂ ಪೂರ್ತಿಯಾಗಿ ಮೆಚ್ಚಲು ಆಗುವುದಿಲ್ಲ.

ಮಲಗ್ರಿದರ ಸಾವು ಅನ್ಯಾಯ. ಅವರ ಪುಸ್ತಿಕೆಯೂ ತಪ್ಪು. ಸಿಲೋವಾಮಿನ ಗೋಪುರ ಬಿದ್ದು ಸತ್ತ ಹದಿನೆಂಟು ಮಂದಿ ಜೆರುಸಲೇಮಿನ ಉಳಿದವರಿಗಿಂತ ಹೆಚ್ಚು ಪಾಪಿಗಳಾಗಿದ್ದರೇ ಎಂಬ ಪ್ರಶ್ನೆಗೆ ಸ್ವಾಮಿಯೇ ಇಲ್ಲವೆಂದಿದ್ದಾರೆ. ಅದೇ ಮಾತಿನಲ್ಲಿ ಬದುಕಿರುವವರನ್ನು ಪಶ್ಚಾತ್ತಾಪಕ್ಕೆ ಕರೆದಿದ್ದಾರೆ ಎಂಬುದೂ ನಿಜ. ಮಲಗ್ರಿದರು ಎರಡನೆಯದನ್ನು ಹಿಡಿದು ಮೊದಲನೆಯದನ್ನು ಬಿಟ್ಟರು. 2018ರಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ, ಇದು ಯಾರ ಪಾಪಕ್ಕೆ ಬಂದ ಶಿಕ್ಷೆ ಎಂದು ಲೆಕ್ಕ ಹಾಕುವ ಮಾತುಗಳನ್ನು ನಾವು ಕೇಳಿದ್ದೇವೆ. ಹಾಗೆ ಮಾತನಾಡಿದವರಲ್ಲಿ ನಮ್ಮವರೂ ಇದ್ದರು.

ಇನ್ನು ಆ ಹಳ್ಳಿಗಳ ಗುರುಗಳು. 1756ರ ಆರಂಭದಲ್ಲಿ ಪೊಂಬಾಲನು ದೇಶದ ಧರ್ಮಕೇಂದ್ರಗಳಿಗೆಲ್ಲ ಒಂದು ಪ್ರಶ್ನಾವಳಿಯನ್ನು ಕಳುಹಿಸಿದನು. ಕಂಪನ ಯಾವಾಗ ಆರಂಭವಾಯಿತು, ಎಷ್ಟು ಹೊತ್ತು ಇತ್ತು, ಯಾವ ದಿಕ್ಕಿನಿಂದ ಹೆಚ್ಚು ಎಂದು ಕಂಡಿತು, ಎಷ್ಟು ಮನೆಗಳು ಬಿದ್ದವು, ಎಷ್ಟು ಜನ ಸತ್ತರು, ಕಡಲಿಗೆ, ಬಾವಿಗಳಿಗೆ ಏನಾಯಿತು, ನೆಲ ಬಿರಿದಲ್ಲಿ ಏನು ಹೊರಬಂತು. ಗುರುಗಳು ಒಬ್ಬೊಬ್ಬರಾಗಿ ಉತ್ತರ ಬರೆದರು. ಭೂಕಂಪಶಾಸ್ತ್ರದ ಇತಿಹಾಸವನ್ನು ಬರೆಯುವವರು ಈ ಉತ್ತರಗಳಿಂದಲೇ ಆರಂಭಿಸುತ್ತಾರೆ. ಅವುಗಳಲ್ಲಿ ಉಳಿದಿರುವವು ತೊರ್ರೆ ದೊ ತೊಂಬೊ ಎಂಬ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಆ ಪತ್ರಾಗಾರವೇ 1755ರಲ್ಲಿ ಕೋಟೆಯ ಗೋಪುರದೊಂದಿಗೆ ಕುಸಿದಿತ್ತು. ಮುಪ್ಪಿನ ವಯಸ್ಸಿನ ಅದರ ಪಾಲಕ, ಎಂಜಿನಿಯರ್ ಮನುಯೆಲ್ ದ ಮಾಯ, ಕಾಗದಗಳನ್ನು ಅವಶೇಷಗಳಿಂದ ಹೊರತೆಗೆಸಿ ಉಳಿಸಿದನು. ಸತ್ತವರನ್ನು ಹೂತು, ಬಿದ್ದ ದೇವಾಲಯದ ಹೊರಗೆ ಬಲಿಪೂಜೆ ಅರ್ಪಿಸಿ, ಸಂಜೆ ಕುಳಿತು ಬಾವಿಯ ನೀರು ಎಷ್ಟು ಇಳಿಯಿತೆಂದು ಪ್ರಾಮಾಣಿಕವಾಗಿ ಬರೆದ ಆ ಗುರುಗಳ ಹೆಸರು ಯಾವ ಪಠ್ಯದಲ್ಲೂ ಇಲ್ಲ. ಅವರು ಮಾಡಿದ್ದೂ ದೈವಶಾಸ್ತ್ರವೇ ಎಂದು ನಮ್ಮ ಅಭಿಪ್ರಾಯ.

ಉಳಿದ ದಿನಗಳಲ್ಲಿ ನೋಡಿದ್ದನ್ನು ಇಲ್ಲಿ ವಿಸ್ತರಿಸುವುದಿಲ್ಲ. ಯೇಸುಸಭೆಯದಾಗಿದ್ದ ಸಂತ ರೋಕರ ದೇವಾಲಯದ ವಸ್ತ್ರಾಗಾರದಲ್ಲಿ ಆಂದ್ರೆ ರೆಯಿನೋಸೊ ಬರೆದ ಜೇವಿಯರರ ಜೀವನಚಿತ್ರಗಳಿವೆ. ಗೋವೆಯನ್ನು ನೋಡದ ಚಿತ್ರಕಾರನ ಗೋವೆ ಅದು. ಭಕ್ತರ ಬಾಯಲ್ಲಿ ಪದುವಾದವರಾಗಿಬಿಟ್ಟ ಸಂತ ಅಂತೋನಿಯವರು ಹುಟ್ಟಿದ ಮನೆಯ ಜಾಗದಲ್ಲಿ, ಮುಖ್ಯ ದೇವಾಲಯದ ಮಗ್ಗುಲಲ್ಲೇ, ಅವರ ಗುಡಿಯಿದೆ. ಲಿಸ್ಬನ್ನಿನವರು ಅವರನ್ನು ಲಿಸ್ಬನ್ನಿನ ಅಂತೋನಿ ಎಂದೇ ಕರೆಯುತ್ತಾರೆ, ತಿದ್ದಲು ಹೋಗಬಾರದು.

ಈಗ ಧರ್ಮಸಭೆಯ ಇತಿಹಾಸದಲ್ಲಿ ಪದ್ರೊಆದೊ ಅಧ್ಯಾಯವನ್ನು ಪಾಠ ಮಾಡುವಾಗ ನಾವು ಬೆಲೆಮ್‌ನ ಆ ಪಾತ್ರೆಯ ಚಿತ್ರವನ್ನು ಗೋಡೆಯ ಮೇಲೆ ತೋರಿಸುತ್ತೇವೆ. ಮೊದಲು ಬರಹದ ಅರ್ಥವನ್ನು ಹೇಳುವುದಿಲ್ಲ. ವಿದ್ಯಾರ್ಥಿಗಳು ಅದರ ಸೌಂದರ್ಯವನ್ನು ಹೊಗಳುತ್ತಾರೆ. ಆಮೇಲೆ ಹೇಳುತ್ತೇವೆ. ಕಳೆದ ವರ್ಷ ಹಿಂದಿನ ಸಾಲಿನ ವಿದ್ಯಾರ್ಥಿಯೊಬ್ಬನು ಎದ್ದು ನಿಂತು, "ಫಾದರ್, ಇದನ್ನು ನಮ್ಮ ಗುರುಮಠದ ದೇವಾಲಯಕ್ಕೆ ಕೊಟ್ಟರೆ ಗುರುವಾರದ ಆರಾಧನೆಗೆ ಇಡಬಹುದೇ?" ಎಂದು ಕೇಳಿದನು. ಇಡಬಹುದೆಂದು ಕೆಲವರು, ಪ್ರಸಾದದ ಪಾವಿತ್ರ್ಯ ಪಾತ್ರೆಯಿಂದ ಬರುವುದಿಲ್ಲವಲ್ಲ ಎಂದು. ಕಿಲ್ವಾಕ್ಕೆ ಹಿಂದಿರುಗಿಸಬೇಕೆಂದು ಮತ್ತೆ ಕೆಲವರು. ಒಬ್ಬನು ಮಾತ್ರ, ನಮ್ಮ ಈಗಿನ ಪಾತ್ರೆಗೆ ಹಣ ಎಲ್ಲಿಂದ ಬಂತೆಂದು ಯಾರಿಗಾದರೂ ಗೊತ್ತೇ ಎಂದು ಕೇಳಿದನು. ಯಾರಿಗೂ ಗೊತ್ತಿರಲಿಲ್ಲ, ನಮಗೂ. ಆ ಗುರುವಾರ ಸಂಜೆ ಆರಾಧನೆಯ ವೇಳೆ ಅದರ ಪಾದದ ಸುತ್ತ ಏನಾದರೂ ಬರೆದಿದೆಯೇ ಎಂದು ನೋಡುವುದು ನಮ್ಮಿಂದ ತಪ್ಪಲಿಲ್ಲ.